ನಿದ್ದೆ ಅಳೆಯುವ ಹಾಸಿಗೆ

ಪೆಟ್ಟಿಗೆ ಅಲುಗಾಡಲು ತೊಡಗಿ ನಾಲ್ಕು ನಿಮಿಷ ಆಗಿತ್ತೋ ಇಲ್ಲವೋ, ಪಾಲಯ್ಯ ಆಗಲೇ ಗೊರಕೆ ಹೊಡೆಯುತ್ತಿದ್ದ.

ನೋಡುವುದಕ್ಕೆ ಅದೊಂದು ಸಣ್ಣ ಕೋಣೆ, ಆರು ಉಕ್ಕಿನ ಕಾಲುಗಳ ಮೇಲೆ ನಿಂತದ್ದು. ಒಂದೊಂದು ಕಾಲೂ ತನ್ನಷ್ಟಕ್ಕೆ ಕುಗ್ಗಿ ಹಿಗ್ಗಿ, ಒಳಗಿದ್ದವರಿಗೆ ಕಲ್ಲುಗುಂಡಿನ ಜಾಡು, ಒಣಹಳ್ಳದ ಮರಳು, ಎರೆಹೊಲದ ಕೆಸರು ಎಲ್ಲದರ ರುಚಿಯನ್ನೂ ಇದ್ದಲ್ಲೇ ತೋರಿಸುತ್ತಿತ್ತು. ಒಳಗೆ ಮುಂದುಗಡೆ ಒಂದು ಸ್ಟೇರಿಂಗು, ಅದರೆದುರು ಪರದೆಯ ಮೇಲೆ ಓಡುವ ದಾರಿ. ಹಿಂದುಗಡೆ ಒಂದು ಹಾಸಿಗೆ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಮಲಗಬೇಕು. ನಲವತ್ತು ನಿಮಿಷವಾದ ಮೇಲೆ ಅದಲುಬದಲು. ಅಷ್ಟು ಮುಗಿದರೆ ನಿಮಗೆ ಯಾವ ಮನೆಗಾಡಿ ಒಗ್ಗುತ್ತದೆ ಎಂದು ಹಾಸಿಗೆಯೇ ಹೇಳುತ್ತಿತ್ತು.

ಮನೆಗಾಡಿ ಎಂದರೆ ಬೇರೇನಲ್ಲ, ಪಿಕಪ್ ಲಾರಿಯ ಬೆನ್ನಿಗೆ ಕೂರಿಸುವ ಪುಟ್ಟ ಮನೆ. ಓಡುವಾಗಲೂ ಮಲಗಬಹುದಾದ ಪಟ್ಟಿ ಬಿಗಿದ ಹಾಸಿಗೆ, ಒಂದು ಒಲೆ, ನೀರಿನ ಟ್ಯಾಂಕು. ರಸ್ತೆಯೇ ಇಲ್ಲದ ಕಡೆಗೆ ಹೋಗಿ, ಅಲ್ಲೇ ಉಂಡು, ಅಲ್ಲೇ ಇದ್ದು ಬರುವವರಿಗೆ ಮಾಡಿದ್ದು. ಅದನ್ನು ಆರಿಸುವುದು ಮಾತ್ರ ಹೆಣ್ಣು ಗಂಡು ನೋಡುವುದಕ್ಕಿಂತ ಕಷ್ಟವಾಗಿತ್ತು. ಕೊಳ್ಳುವವರು ಬಾಯಲ್ಲಿ ಒಂದು ಹೇಳುತ್ತಿದ್ದರು, ಅವರ ಮೈಗೆ ಬೇಕಾದದ್ದು ಇನ್ನೊಂದಾಗಿರುತ್ತಿತ್ತು. ದೊಡ್ಡ ಅಡಿಗೆಮನೆಯೇ ಬೇಕೆಂದವರು ಮೂರನೇ ದಿನಕ್ಕೆ ಬ್ರೆಡ್ಡು ತಿಂದುಕೊಂಡಿರುತ್ತಿದ್ದರು. ಬೆಟ್ಟ ಹತ್ತಿಸುತ್ತೇವೆ ಎಂದವರಿಗೆ ಮೊದಲ ಏರಿನಲ್ಲೇ ಎದೆ ಡವಗುಟ್ಟುತ್ತಿತ್ತು. ಆರು ತಿಂಗಳಿಗೆಲ್ಲ ಆ ಗಾಡಿ ಹಿತ್ತಲಲ್ಲಿ ಕೋಳಿಗೂಡಾಗುತ್ತಿತ್ತು.

ಇದಕ್ಕೆ ಮದ್ದು ಕಂಡುಹಿಡಿದವರು ಡಾಕ್ಟರ್ ಸಿಂಚನಾ ಹಾಲಪ್ಪ ಎಂಬ ವಿಜ್ಞಾನಿ. ಇಪ್ಪತ್ತು ವರ್ಷ ಮನುಷ್ಯರ ನಿದ್ದೆಯನ್ನೇ ಓದಿದವರು. ಆಕೆಯ ಹಾಸಿಗೆಯೊಳಗೆ ಕೂದಲಿಗಿಂತ ತೆಳ್ಳನೆಯ ಎಳೆಗಳನ್ನು ಲಕ್ಷಗಟ್ಟಲೆ ನೇಯಲಾಗಿತ್ತು. ಮೇಲೆ ಮಲಗಿದವರ ನಾಡಿ, ಉಸಿರು, ಸ್ನಾಯುಗಳ ಬಿಗಿತ ಎಲ್ಲವೂ ಆ ಎಳೆಗಳಿಗೆ ತಿಳಿಯುತ್ತಿತ್ತು. ನಿದ್ದೆ ಬರುವಾಗ ಮೈ ತನ್ನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಯಾವ ಗಂಟು ಯಾವಾಗ ಬಿಚ್ಚಿತು, ಯಾವುದು ಬಿಚ್ಚಲೇ ಇಲ್ಲ ಎಂಬುದನ್ನು ಹಾಸಿಗೆ ಬರೆದುಕೊಳ್ಳುತ್ತಿತ್ತು. ಬಾಯಿ ಸುಳ್ಳು ಹೇಳಬಹುದು, ಕಾಲಿನ ಮೀನಖಂಡ ಹೇಳುವುದಿಲ್ಲ ಎನ್ನುವುದು ಆಕೆ ಎಲ್ಲರಿಗೂ ಹೇಳುತ್ತಿದ್ದ ಮಾತು.

ಪಾಲಯ್ಯನ ಗಂಟುಗಳು ಅಷ್ಟು ಸಲೀಸಾಗಿ ಬಿಚ್ಚಿಕೊಂಡದ್ದಕ್ಕೆ ಕಾರಣ ಸ್ಟೇರಿಂಗ್ ಹಿಡಿದಿದ್ದವನು ಓಬಳೇಶ. ಚಳ್ಳಕೆರೆಯ ಈ ಇಬ್ಬರೂ ಇಪ್ಪತ್ತೆಂಟು ವರ್ಷ ಒಂದೇ ಲಾರಿಯ ಒಂದೇ ಕ್ಯಾಬಿನ್ನಿನಲ್ಲಿ ಬದುಕಿದವರು. ಶೇಂಗಾ ಎಣ್ಣೆಯ ಟ್ಯಾಂಕರು. ಒಬ್ಬ ಓಡಿಸಿದರೆ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಬೇಕು, ಆರು ಗಂಟೆಗೊಮ್ಮೆ ಪಾಳಿ ಬದಲು. ಮಲಗುವವನು ತನ್ನ ಕೈಗಡಿಯಾರ ಬಿಚ್ಚಿ ಓಡಿಸುವವನಿಗೆ ಕೊಡುವುದು ಅವರ ಪದ್ಧತಿಯಾಗಿತ್ತು. ಇನ್ನು ಹೊತ್ತು ನಿನ್ನದು, ನನಗೆ ಅದರ ಚಿಂತೆಯಿಲ್ಲ ಎಂದು ಅದರ ಅರ್ಥ. ಓಡಿಸುವವನು ಅದನ್ನು ಕನ್ನಡಿಗೆ ನೇತುಹಾಕುತ್ತಿದ್ದ. ಹೆಂಡತಿಯ ಪಕ್ಕ ಮಲಗಿದಾಗ ಬಾರದ ನಿದ್ದೆ ಓಬಳೇಶನ ಬೆನ್ನ ಹಿಂದೆ ಬರುತ್ತದೆ ಎಂದು ಪಾಲಯ್ಯ ಹೆಂಡತಿಯೆದುರೇ ಹೇಳಿ ಬೈಸಿಕೊಂಡಿದ್ದ.

ಆಮೇಲೆ ಆಳಿಲ್ಲದ ಲಾರಿಗಳು ಬಂದವು. ಹೆದ್ದಾರಿಗಳೆಲ್ಲ ಅವುಗಳ ಪಾಲಾಗಿ, ಕೈಯಲ್ಲಿ ಓಡಿಸುವ ಗಾಡಿಗಳು ಅಂಚಿನ ಹಳೆಯ ರಸ್ತೆಗೆ ಇಳಿದವು. ಅರವತ್ತು ದಾಟಿದ ಇಬ್ಬರೂ ಮನೆ ಸೇರಿದರು. ಆಗ ಹುಟ್ಟಿದ್ದು ಈ ಆಸೆ. ಇಪ್ಪತ್ತೆಂಟು ವರ್ಷ ಲೋಡು ಮುಟ್ಟಿಸುವ ಧಾವಂತದಲ್ಲಿ ಎಷ್ಟು ತಿರುವುಗಳನ್ನು ತಿರುಗದೆ ಬಿಟ್ಟಿದ್ದರು! ಭುಜ್ ದಾಟಿದ ಮೇಲೆ ಉಪ್ಪಿನ ಬಯಲಿಗೆ ಇಳಿಯುವ ಒಂದು ಬಿಳಿ ಜಾಡು. ಕೋರಾಪುಟದ ಹತ್ತಿರ ಗುಡ್ಡ ಹತ್ತುವ ಒಂದು ಕೆಂಪು ದಾರಿ. ಅವು ಎಲ್ಲಿಗೆ ಹೋಗುತ್ತವೆ ಎಂದು ನೋಡಿ ಬರೋಣ ಎಂದು ಮೊದಲು ಹೇಳಿದವನು ಪಾಲಯ್ಯ. ಇಬ್ಬರೂ ಸೇರಿ ಒಂದು ಗಾಡಿ ತರುವುದು, ಪಾಳಿಯಲ್ಲಿ ಓಡಿಸುವುದು, ಮತ್ತೆ ಮೊದಲಿನ ಹಾಗೆ.

ಚಿತ್ರದುರ್ಗದ ಹೊರಗಿನ ಮನೆಗಾಡಿ ಮಳಿಗೆಗೆ ಅವರು ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಪಾಲಯ್ಯ ಮೊದಲು ಟೈರುಗಳಿಗೆ ಒದ್ದ, ಆಮೇಲೆ ಮಾತಾಡಿದ. ಮಳಿಗೆಯವರು ಸ್ನಾನದ ಮನೆಯಿರುವ ಎತ್ತರದ ಗಾಡಿ ತೋರಿಸಿ ತೂಕ ಹೇಳಿದರು. ಅದರಲ್ಲಿ ಟ್ಯಾಂಕಿನ ನೀರು ಸೇರಿದೆಯೇ, ಗ್ಯಾಸು ಸೇರಿದೆಯೇ, ಮಲಗುವ ಇಬ್ಬರು ಗಂಡಸರು ಸೇರಿದ್ದಾರೆಯೇ ಎಂದು ಪಾಲಯ್ಯ ಕೇಳಿದ. ಇಲ್ಲ, ಖಾಲಿ ತೂಕ ಎಂದರು.

"ಇದು ಏಕಾದಶಿ ತೂಕ ಕಣಪ್ಪ. ಹಬ್ಬದ ತೂಕ ಹೇಳು" ಎಂದ ಪಾಲಯ್ಯ.

ಹಬ್ಬದ ತೂಕ ಕೇಳಿದ ಮೇಲೆ ಅದು ತಲೆಭಾರದ ಗಾಡಿ, ಓರೆ ನೆಲದಲ್ಲಿ ಮಗುಚುತ್ತದೆ ಎಂದು ತಳ್ಳಿಹಾಕಿದ. ಕೊನೆಗೆ ಉಳಿದದ್ದು ಎರಡು. ಎರಡೂ ತಗ್ಗಾದ, ಗಟ್ಟಿ ಗೋಡೆಯ ಗಾಡಿಗಳು. ವ್ಯತ್ಯಾಸ ಒಂದೇ: ಒಂದರಲ್ಲಿ ಡ್ರೈವರನ ಕ್ಯಾಬಿನ್ನಿಗೂ ಹಿಂದಿನ ಮನೆಗೂ ನಡುವೆ ಇಡಿಯಾದ ಗೋಡೆ, ಇನ್ನೊಂದರಲ್ಲಿ ಆ ಗೋಡೆಗೆ ಒಂದು ಕಿಟಕಿ, ಸುತ್ತ ರಬ್ಬರಿನ ಮಡಿಕೆ. ಕಿಟಕಿಯಿದ್ದದ್ದು ನಲವತ್ತು ಕಿಲೋ ಭಾರ. ರಬ್ಬರು ಹಳತಾದರೆ ಧೂಳು ನುಗ್ಗುತ್ತದೆ, ಮಳೆಯಲ್ಲಿ ಸೋರುತ್ತದೆ. ಲಾರಿ ಓಡಿಸಿದ ಯಾರಿಗಾದರೂ ಇದು ಅಂಗೈ ಹುಣ್ಣಿನಷ್ಟು ಸ್ಪಷ್ಟ. ಆದರೂ ಓಬಳೇಶ ಕಿಟಕಿ ಬೇಕೇ ಬೇಕು ಎಂದು ಪಟ್ಟು ಹಿಡಿದ.

ಯಾಕೆ ಎಂದರೆ, ಮಲಗಿದ್ದಾಗ ನೀರು ಬೇಕಾದರೆ ಹೇಗೆ ಕೇಳುವುದು ಎಂದ. ಪಾಲಯ್ಯ ನಕ್ಕುಬಿಟ್ಟ. ಹಿಂದಿನ ಮನೆಯಲ್ಲೇ ಎಂಬತ್ತು ಲೀಟರಿನ ಟ್ಯಾಂಕು ಇರುವಾಗ ಮುಂದೆ ಕೂತವನ ಹತ್ತಿರ ನೀರು ಕೇಳುವುದೇ? ಆದರೆ ಓಬಳೇಶನ ಬಾಯಾರಿಕೆ ಹೊಸದೇನಲ್ಲ. ಟ್ಯಾಂಕರಿನ ಕಾಲದಲ್ಲೂ ಹಿಂದಿನ ಹಲಗೆಯಿಂದ ಅರ್ಧ ಗಂಟೆಗೊಮ್ಮೆ "ಒಂಚೂರು ನೀರು ಕೊಡು" ಎನ್ನುತ್ತಿದ್ದ. ಪಾಲಯ್ಯ ಅವನಿಗೆ ಬತ್ತಿದ ಬಾವಿ ಎಂದೇ ಹೆಸರಿಟ್ಟಿದ್ದ. ವಾದ ಬಗೆಹರಿಯದೆ ಹೋದಾಗ ಹಾಸಿಗೆಯನ್ನೇ ಕೇಳೋಣ ಎಂದು ಇಬ್ಬರೂ ಪೆಟ್ಟಿಗೆಯೊಳಗೆ ಹೋಗಿದ್ದರು. ಲಾರಿಯ ಜೋಡಿಯೊಂದು ಬಂದಿದೆ ಎಂದು ತಿಳಿದು, ಓಡುವ ಗಾಡಿಯಲ್ಲೇ ಆಯಸ್ಸು ಕಳೆದವರು ಹೇಗೆ ಮಲಗುತ್ತಾರೆ ನೋಡಬೇಕೆಂದು ಡಾಕ್ಟರ್ ಸಿಂಚನಾ ತಾವೇ ಬಂದು ಕೂತಿದ್ದರು.

ನಲವತ್ತು ನಿಮಿಷಕ್ಕೆ ಪಾಲಯ್ಯನನ್ನು ಅಲುಗಿಸಿ ಎಬ್ಬಿಸಬೇಕಾಯಿತು. ಆಮೇಲೆ ಓಬಳೇಶ ಗಡಿಯಾರ ಬಿಚ್ಚಿ ಅವನ ಕೈಗಿಟ್ಟು ಮಲಗಿದ. ಪರದೆಯ ಮೇಲೆ ದಾರಿ ಓಡಿತು. ಮಧ್ಯೆ ಮಧ್ಯೆ ಓಬಳೇಶ ನೀರು ಕೇಳಿದ, ಪಾಲಯ್ಯ ಬಾಟಲಿ ಹಿಂದಕ್ಕೆ ಚಾಚುತ್ತ, ಇಲ್ಲಿಯೂ ಬಿಡಲಿಲ್ಲವಲ್ಲ ಈ ಬಾವಿ ಎಂದು ನಕ್ಕ.

ಹೊರಗೆ ಬಂದ ಮೇಲೆ ಡಾಕ್ಟರ್ ಮೊದಲು ಪಾಲಯ್ಯನ ನಿದ್ದೆಯ ಗೆರೆಯನ್ನು ಪರದೆಗೆ ಹಾಕಿದರು. ಗುಡ್ಡದಿಂದಿಳಿದು ಬಯಲಲ್ಲಿ ಮಲಗಿದ ಹಾಗಿತ್ತು ಅದು. ಇಷ್ಟು ವರ್ಷದಲ್ಲಿ ಇಂಥ ನಿದ್ದೆ ನೋಡಿಲ್ಲ ಎಂದು ಅವರು ಮನಸಾರೆ ಹೇಳಿದರು. ಪಾಲಯ್ಯನಿಗೆ ಹಿಗ್ಗೋ ಹಿಗ್ಗು. ಓಬಳೇಶ ಎದ್ದು ನಿಂತು, ತನ್ನದು ಬೇಡ, ಹೊತ್ತಾಯಿತು, ಕಿಟಕಿ ಇಲ್ಲದ ಗಾಡಿಯೇ ಆಗಲಿ ಎಂದ. ಬೆಳಗಿನಿಂದ ಜಗಳವಾಡಿದವನು ಹೀಗೆ ಒಮ್ಮೆಲೇ ಮೆತ್ತಗಾದದ್ದು ಯಾಕೆಂದು ಪಾಲಯ್ಯ ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವನದೇನು ಗುಟ್ಟು, ತೋರಿಸಿರಮ್ಮ ಎಂದು ತಾನೇ ಒತ್ತಾಯ ಮಾಡಿದ. ಒಂದೇ ಗಾಡಿಯಲ್ಲಿ ಹೋಗುವವರು ಒಬ್ಬರದನ್ನೊಬ್ಬರು ನೋಡಲು ಒಪ್ಪಿರುತ್ತಾರೆ, ಡಾಕ್ಟರ್ ತೋರಿಸಿದರು.

ಓಬಳೇಶನ ಗೆರೆ ಎಲ್ಲಿಯೂ ಇಳಿದಿರಲಿಲ್ಲ. ಅದರ ಉದ್ದಕ್ಕೂ ಸಣ್ಣ ಸಣ್ಣ ದಿಬ್ಬಗಳು.

ಇವು ಬಲಗಾಲಿನ ಮೀನಖಂಡ ಬಿಗಿದ ಹೊತ್ತುಗಳು ಎಂದು ಡಾಕ್ಟರ್ ವಿವರಿಸಿದರು. ಪ್ರತಿ ತಿರುವಿನಲ್ಲೂ ಪ್ರತಿ ಇಳಿಜಾರಿನಲ್ಲೂ ಇವರು ಇಲ್ಲದ ಬ್ರೇಕನ್ನು ಒತ್ತಿದ್ದಾರೆ, ಒಟ್ಟು ಅರವತ್ತೊಂದು ಸಲ. ಮಲಗಿದವರು ಹೀಗೆ ಒತ್ತುವುದಿಲ್ಲ. ಇವರು ಕಣ್ಣು ಮುಚ್ಚಿದ್ದರು ಅಷ್ಟೇ.

ಯಂತ್ರ ಕೆಟ್ಟಿದೆ ಎಂದ ಪಾಲಯ್ಯ. ಇವನು ನನ್ನ ಬೆನ್ನ ಹಿಂದೆ ಇಪ್ಪತ್ತೆಂಟು ವರ್ಷ ಮಲಗಿದವನು, ನಿಮ್ಮ ದಾರದ ಹಾಸಿಗೆಗೆ ಏನು ಗೊತ್ತು ಎಂದು ದನಿ ಎತ್ತರಿಸಿದ. ಡಾಕ್ಟರ್ ಸಿಟ್ಟಾಗಲಿಲ್ಲ. ಹಾಸಿಗೆಯ ಹಾಗೆಯೇ ಸ್ಟೇರಿಂಗ್ ಕೂಡ ಬರೆದುಕೊಳ್ಳುತ್ತದೆ ಎಂದು ಹೇಳಿ ಎರಡನೇ ಗೆರೆಯೊಂದನ್ನು ಮೊದಲನೆಯದರ ಕೆಳಗೆ ತಂದಿಟ್ಟರು.

"ನೋಡಿ, ನಿಮ್ಮ ಕೈ ನಾಲ್ಕು ಸೆಕೆಂಡು ಅಲುಗದೆ ನಿಂತಾಗಲೆಲ್ಲ ಇವರು ನೀರು ಕೇಳಿದ್ದಾರೆ. ಪ್ರತಿ ಸಲ."

ಪಾಲಯ್ಯ ನೋಡಿದ. ಓಬಳೇಶ ಐದು ಸಲ ನೀರು ಕೇಳಿದ್ದ, ಐದೂ ಸಲ ಮೇಲಿನ ದಿಬ್ಬದ ಕೆಳಗೆ ಸರಿಯಾಗಿ ತನ್ನ ಗೆರೆ ಚಪ್ಪಟೆಯಾಗಿತ್ತು. ಅವನಿಗೆ ಓದು ಹೆಚ್ಚು ಬಾರದಿದ್ದರೂ ರಸ್ತೆಯ ನಕ್ಷೆ ಬಲ್ಲವನು. ಒಂದು ಗೆರೆ ಇನ್ನೊಂದನ್ನು ಕಾಯುತ್ತಿರುವುದು ಅವನಿಗೆ ಯಾರೂ ಹೇಳಿಕೊಡದೆಯೇ ಗೊತ್ತಾಯಿತು.

"ಏನಲೇ ಇದು?" ಎಂದ.

ಓಬಳೇಶ ತಲೆ ತಗ್ಗಿಸಿ ಹೇಳಿದ. ಜೊತೆಯಾದ ಐದನೇ ವರ್ಷ, ಸೊಲ್ಲಾಪುರ ದಾಟಿದ ಮೇಲಿನ ನೆಟ್ಟನೆಯ ರಸ್ತೆ, ಮಧ್ಯಾಹ್ನ ಮೂರರ ಬಿಸಿಲು. ಪಾಲಯ್ಯ ಓಡಿಸುತ್ತಿದ್ದ. ಹಲಗೆಯ ಮೇಲೆ ಮಲಗಿದ್ದ ಓಬಳೇಶನಿಗೆ ಗಾಡಿ ಎಡಕ್ಕೆ ವಾಲಿದ ಹಾಗಾಗಿ ಎಚ್ಚರವಾಯಿತು. ಮುಂದೆ ಮೋರಿಯ ಕಟ್ಟೆ, ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಕನ್ನಡಿಯಲ್ಲಿ ಪಾಲಯ್ಯನ ಕಣ್ಣು ಮುಚ್ಚಿತ್ತು. ಕೂಗಿದರೆ ಬೆಚ್ಚಿಬಿದ್ದು ಎತ್ತ ತಿರುಗಿಸುತ್ತಾನೋ ಎಂದು ಹೆದರಿ, ಓಬಳೇಶ ಮೆಲ್ಲಗೆ ಬಾಯಿಗೆ ಬಂದದ್ದನ್ನು ಕೇಳಿದ. ಒಂಚೂರು ನೀರು ಕೊಡು ಎಂದ. ಪಾಲಯ್ಯ ಕಣ್ಣು ಬಿಟ್ಟ, ಸ್ಟೇರಿಂಗ್ ಎಳೆದ, ಬಾಟಲಿಯನ್ನೂ ಕೊಟ್ಟ.

ಪಾಲಯ್ಯನಿಗೆ ಆ ಹೆಂಗಸರು ನೆನಪಿದ್ದರು. ಎದ್ದು ನಿಂತು ಬಾಯಿಗೆ ಬಂದ ಹಾಗೆ ಬೈದಿದ್ದರು. ಹಾದಿಯಲ್ಲಿ ಹೋಗುವವರನ್ನು ಸುಮ್ಮಸುಮ್ಮನೆ ಬೈಯುವ ಊರು ಎಂದು ಅವನು ಆಮೇಲೆ ಎಷ್ಟೋ ಢಾಬಾಗಳಲ್ಲಿ ಆ ಕತೆ ಹೇಳಿ ನಗಿಸಿದ್ದ. ತಾನು ನಿದ್ದೆ ಹೋಗಿದ್ದೆ ಎಂಬುದು ಅವನಿಗೆ ಈ ಗಳಿಗೆಯವರೆಗೆ ಗೊತ್ತಿರಲಿಲ್ಲ.

"ಆವತ್ತಿಂದ ಮಲಗಿಲ್ಲ ಕಣಣ್ಣ" ಎಂದ ಓಬಳೇಶ. "ಮಲಗಕ್ಕೆ ನೋಡ್ದೆ. ಆಗಲಿಲ್ಲ."

ಇಪ್ಪತ್ತಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ನಿದ್ದೆ ಮಾಡುತ್ತಿದ್ದದ್ದು ಎಣ್ಣೆ ತುಂಬುವಾಗ, ಇಳಿಸುವಾಗ, ಮೆಟ್ಟಿಲ ಕೆಳಗೆ, ಚೀಲದ ಮೇಲೆ. ಲೋಡಿಂಗ್ ಎಂದರೆ ಒರಗುವ ಸೋಮಾರಿ ಎಂದು ಪಾಲಯ್ಯ ಅವನನ್ನು ಎಲ್ಲರೆದುರು ಆಡಿಕೊಂಡಿದ್ದ. ಹುಬ್ಬಳ್ಳಿಯಲ್ಲಿ ಓಬಳೇಶ ಟೋಲ್ ಕಂಬಕ್ಕೆ ಒಮ್ಮೆ ಗಾಡಿ ತಾಗಿಸಿದ್ದ. ಆ ಒಂದು ಗೀರಿನಿಂದಾಗಿ ಅಪಘಾತವೇ ಮಾಡದ ಡ್ರೈವರ್ ಎಂಬ ಫಲಕ ಪಾಲಯ್ಯನೊಬ್ಬನಿಗೆ ಬಂತು. ಅದು ಅವನ ಮನೆಯ ಬಾಗಿಲ ಮೇಲೆ ಈಗಲೂ ಇದೆ. ಬಂದವರಿಗೆಲ್ಲ ತೋರಿಸುತ್ತಾನೆ. ಇವನು ತೋರಿಸುವಾಗ ಓಬಳೇಶ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದಾನೆ.

ಅದೇ ಪಾಲಯ್ಯನಿಗೆ ತಡೆಯಲಾಗದೆ ಹೋದದ್ದು. ಸಾವು ತಪ್ಪಿಸಿದನಲ್ಲ ಎಂಬ ಕೃತಜ್ಞತೆ ಹುಟ್ಟಬೇಕಾದ ಜಾಗದಲ್ಲಿ ಅವನಿಗೆ ಹುಟ್ಟಿದ್ದು ಮೋಸ ಹೋದ ಸಂಕಟ. ತಾನು ಗಡಿಯಾರ ಬಿಚ್ಚಿ ಕೊಟ್ಟಾಗ ನಿಜವಾಗಿ ಕೊಟ್ಟಿದ್ದ. ಇವನು ಕೊಟ್ಟದ್ದು ನಾಟಕ. ಘಾಟಿ ಬರುವ ಮುಂಚೆ ಸರಿಯಾಗಿ ಎದ್ದು ಕೂರುತ್ತಿದ್ದನಲ್ಲ, ಎಂಥ ಡ್ರೈವರನ ರಕ್ತವಯ್ಯ ನಿನ್ನದು ಎಂದು ತಾನು ಬೆನ್ನು ತಟ್ಟಿದ್ದು ಎಷ್ಟು ಸಲ! ಪ್ರತಿಸಲವೂ ಒಳಗೊಳಗೆ ಏನೆಂದುಕೊಂಡನೋ.

"ಹೇಳಬೇಕಿತ್ತು ನೀನು" ಎಂದ ಪಾಲಯ್ಯ. "ಕಪಾಳಕ್ಕೆ ಹೊಡದಾದ್ರೂ ಹೇಳಬೇಕಿತ್ತು."

"ಹೇಳಿದ್ರೆ ನೀನು ಸ್ಟೇರಿಂಗ್ ಬಿಡ್ತಿದ್ದೆ."

"ಬಿಡ್ತಿದ್ದೆ."

"ಬಿಟ್ಟು ಏನ್ಮಾಡ್ತಿದ್ದೆ?"

ಪಾಲಯ್ಯನ ಸಿಟ್ಟು ಇನ್ನೂ ಹೆಚ್ಚಾಯಿತು. ತನ್ನ ಬದುಕಿನ ತೀರ್ಮಾನವನ್ನು ತನಗೆ ತಿಳಿಸದೆ ಇನ್ನೊಬ್ಬ ಮಾಡಿಬಿಟ್ಟಿದ್ದ, ಅದೂ ಒಳ್ಳೆಯದಕ್ಕೆಂದೇ ಮಾಡಿದ್ದ. ಕೆಟ್ಟದ್ದಕ್ಕೆ ಮಾಡಿದ್ದರೆ ಎರಡು ಬಿಗಿದು ಮನೆಗೆ ಹೋಗಬಹುದಿತ್ತು.

ಡಾಕ್ಟರ್ ಸಿಂಚನಾ ಪರದೆ ಆರಿಸಿದರು. ಇಂಥ ಜಗಳ ಅವರಿಗೆ ಹೊಸದಲ್ಲ. ಮನೆಗಾಡಿ ಕೊಳ್ಳಲು ಒಟ್ಟಿಗೆ ಬಂದು ಎರಡು ಬಸ್ಸಿನಲ್ಲಿ ಹಿಂದಿರುಗಿದ ಗಂಡ ಹೆಂಡಿರನ್ನು ಅವರು ಕಂಡಿದ್ದರು. ಈಚೆಗೆ ಹಾಸಿಗೆ ಮಳಿಗೆಯಿಂದ ಹೊರಗೂ ಹೊರಟಿತ್ತು. ಹೆಣ್ಣು ನೋಡುವವರು ಜಾತಕ ಬಿಟ್ಟು ಮೀನಖಂಡ ನೋಡುತ್ತಿದ್ದರು. ಅಂಗಡಿಗೆ ಪಾಲುದಾರರಾಗುವವರು, ಮನೆಯ ಮೇಲೆ ಮನೆ ಬಾಡಿಗೆಗೆ ಕೊಡುವವರು ಕೂಡ ಮೊದಲು ಮಲಗಿ ತೋರಿಸಿ ಎನ್ನುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಆಕೆ ತಮ್ಮ ತಂದೆಯಿಂದ ಕೇಳಿದ್ದರು. ಆದರೆ ಇಲ್ಲಿ ಒದೆ ಬೀಳುತ್ತಿದ್ದದ್ದು ಹೇಳಿದ ಯಂತ್ರಕ್ಕಲ್ಲ, ಕೇಳಿಸಿಕೊಂಡವರಿಗೆ.

ಯಂತ್ರದ ಸಲಹೆಯನ್ನು ಹೇಳಲೇಬೇಕಾದ್ದರಿಂದ ಅವರು ಹೇಳಿದರು. ಓಡುವಾಗ ಯಾರೂ ಮಲಗಬೇಕಿಲ್ಲದ ಗಾಡಿ ಕೊಳ್ಳಿ, ಅಥವಾ ಇಬ್ಬರೂ ಒಂದೊಂದು ಸಣ್ಣ ಗಾಡಿ ಕೊಳ್ಳಿ. ಹೇಳಿದ ಮೇಲೆ ಆಕೆಗೆ ತಡೆಯಲಾಗಲಿಲ್ಲ. "ಇದನ್ನು ಕಂಡುಹಿಡಿಯುವ ಮುಂಚೆ ಜನ ಹೇಗೆ ಒಬ್ಬರನ್ನೊಬ್ಬರು ನಂಬಿ ಹೊರಡುತ್ತಿದ್ದರೋ ಅಂತ ನಾನು ಯೋಚನೆ ಮಾಡ್ತಿರ್ತೀನಿ" ಎಂದರು.

"ಗೊತ್ತಿಲ್ದಂಗೆ ಹೋಗ್ತಿದ್ವಿ ಕಣಮ್ಮ" ಎಂದ ಪಾಲಯ್ಯ. "ಆದ್ರೂ ಹೋಗಿ ಮುಟ್ತಿದ್ವಿ."

ಅವರು ಏನನ್ನೂ ಕೊಳ್ಳದೆ ಹೊರಬಿದ್ದರು. ಚಳ್ಳಕೆರೆಗೆ ಹಳೆಯ ರಸ್ತೆಯಲ್ಲಿ ಒಂದು ಗಂಟೆಯ ದಾರಿ. ಬರುವಾಗ ಪಾಲಯ್ಯ ಓಡಿಸಿದ್ದರಿಂದ ಹೋಗುವ ಪಾಳಿ ಓಬಳೇಶನದು. ಅವನು ತನ್ನ ಹಳೆಯ ಪಿಕಪ್ಪಿನ ಸ್ಟೇರಿಂಗ್ ಹಿಡಿದು, ಅಭ್ಯಾಸದಂತೆ ಎಡಗೈ ಚಾಚಿದ. ಗಡಿಯಾರಕ್ಕೆ. ಪಾಲಯ್ಯ ಕೊಡಲಿಲ್ಲ. ಕೈ ಒಂದಷ್ಟು ಹೊತ್ತು ಹಾಗೇ ಇದ್ದು ಗೇರಿನ ಮೇಲೆ ಹೋಗಿ ಕೂತಿತು.

ಬಲಗಡೆ ಹೆದ್ದಾರಿಯಲ್ಲಿ ಆಳಿಲ್ಲದ ಲಾರಿಗಳು ಒಂದರ ಹಿಂದೊಂದು ಒಂದೇ ಅಂತರದಲ್ಲಿ ಹೋಗುತ್ತಿದ್ದವು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಎಂದಿನಂತಿದ್ದರೆ ಊರ ಗಡಿ ದಾಟುವ ಮೊದಲೇ ಪಾಲಯ್ಯನ ಕತ್ತು ವಾಲಬೇಕಿತ್ತು. ಇವತ್ತು ವಾಲಲಿಲ್ಲ. ನಿದ್ದೆ ಎಲ್ಲಿ ಹೋಯಿತೆಂದು ಹುಡುಕುವವನಂತೆ ಅವನು ಕಣ್ಣು ಮುಚ್ಚಿದ. ಒಂದು ತಿರುವು ಬಂತು. ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.

ಅವನಿಗೆ ಭಯವಾಯಿತು. ಓಬಳೇಶ ತಪ್ಪಾಗಿ ತಿರುಗಿಸಿರಲಿಲ್ಲ, ಎಂದೂ ತಿರುಗಿಸಿದವನಲ್ಲ. ಆದರೂ ಕಾಲು ಒತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಈ ಲೋಕದಲ್ಲೇ ಅತ್ಯಂತ ಒಳ್ಳೆಯ ನಿದ್ದೆ ಅವನದಾಗಿತ್ತು. ಅದನ್ನು ಅಳೆದ ಹಾಸಿಗೆಯೇ ಅದನ್ನು ಕಿತ್ತುಕೊಂಡಿತ್ತು. ಇಂಥ ಹಾಸಿಗೆ ಇನ್ನೂ ಬಾರದ ಕಾಲದಲ್ಲಿ, ಯಾವುದೋ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಓಡಿಸುವವನ ಮುಖವನ್ನೂ ನೋಡದೆ, ಪಕ್ಕದಲ್ಲಿ ಕಣ್ಣು ಮುಚ್ಚಿದವರು ನಿಜವಾಗಿ ಮಲಗಿದ್ದಾರೆಯೇ ಎಂದು ಕೇಳದೆ ನಿದ್ದೆಹೋಗುವವರಿಗೆ ತಮ್ಮ ಕೈಯಲ್ಲಿ ಏನಿದೆ ಎಂಬುದು ತಿಳಿದಿರಲಾರದು.

ಪಾಲಯ್ಯ ಕಣ್ಣು ತೆರೆಯಲಿಲ್ಲ. ತೆರೆದರೆ ಓಬಳೇಶನಿಗೆ ಗೊತ್ತಾಗುತ್ತದೆ ಎಂಬುದೊಂದೇ ಕಾರಣ. ಉಸಿರು ಉದ್ದ ಮಾಡಿದ, ಕತ್ತು ಸಡಿಲ ಬಿಟ್ಟ, ಒಂದೆರಡು ಸಲ ಗೊರಕೆಯನ್ನೂ ಹೊಡೆದ. ಮಲಗಿದವನಂತೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ಅವನಿಗೆ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ರೆಪ್ಪೆ ಸೋತಿತು, ಹದಿನೈದಕ್ಕೆ ಸೊಂಟ ಹಿಡಿಯಿತು. ಸಾಕು ಎನಿಸಿಬಿಟ್ಟಿತು. ಇಪ್ಪತ್ತಮೂರು ವರ್ಷ ಎಂದುಕೊಂಡ. ಕ್ಷಮಿಸುವುದಕ್ಕೆ ಮನಸ್ಸು ಬರಲಿಲ್ಲ, ಆದರೆ ಮುಚ್ಚಿದ ಕಣ್ಣಿನೊಳಗೆ ನೀರು ಬಂತು.

ರಸ್ತೆ ನೆಟ್ಟಗಾಯಿತು. ಎಂಜಿನ್ನಿನ ಸದ್ದು ಒಂದೇ ಸಮನಾಯಿತು. ಗಾಡಿ ತುಸು ಎಡಕ್ಕೆ ಹೋದ ಹಾಗೆ ಅನಿಸಿತು, ಅನಿಸಿಕೆಯಷ್ಟೇ ಇರಬಹುದು.

"ಒಂಚೂರು ನೀರು ಕೊಡು" ಎಂದ ಪಾಲಯ್ಯ.

ಗಾಡಿ ನಿಧಾನವಾಯಿತು. ಓಬಳೇಶ ರಸ್ತೆಯಿಂದ ಕಣ್ಣು ತೆಗೆಯದೆ ಬಾಟಲಿ ಚಾಚಿದ. ಪಾಲಯ್ಯ ಬಾಟಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡ, ಮುಚ್ಚಳ ತೆಗೆಯಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಳೆಯ ಚಿಮಣಿ ಕಾಣುವ ಹೊತ್ತಿಗೆ ಪಾಲಯ್ಯ ಬಾಯಿ ಬಿಟ್ಟ.

"ಕಿಟಕಿ ಇರೋ ಗಾಡೀನೇ ಹೇಳಿಬಿಡು."

"ಭಾರ ಜಾಸ್ತಿ ಅಂದಿದ್ದೆ ನೀನು. ಧೂಳು ಬರತೈತಿ ಅಂದಿದ್ದೆ."

"ಬರಲಿ" ಎಂದ ಪಾಲಯ್ಯ. "ಇನ್ಮೇಲೆ ನಂಗೂ ನಿದ್ದೆ ಬರಾಕಿಲ್ಲ."